ಮೀಟರ್‌ನಲ್ಲಿ ಸಕ್ಕರೆ ಹತೋಟಿಯಲ್ಲಿದೆ, ಎಚ್‌ಬಿಎ1ಸಿ ಮಾತ್ರ ಏಕೆ ಏರಿದೆ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಟೈಪ್ 2 ಮಧುಮೇಹಕ್ಕೆ ಆರು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಮನೆಯ ಗ್ಲುಕೋಮೀಟರಿನಲ್ಲಿ ಬರಿಹೊಟ್ಟೆಯಲ್ಲಿ 105ರಿಂದ 118, ಊಟವಾಗಿ ಎರಡು ಗಂಟೆಗೆ 150ರ ಒಳಗೇ ಇರುತ್ತದೆ. ಆದರೆ ಈ ಬಾರಿ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಶೇ 7.6 ಬಂದಿದೆ, ಹಿಮೋಗ್ಲೋಬಿನ್ 8.9ಕ್ಕೆ ಇಳಿದಿದೆ. ಒಂದು ವರ್ಷದಿಂದ ಮುಟ್ಟಿನ ಸ್ರಾವ ಹೆಚ್ಚಾಗಿದೆ. ಸಕ್ಕರೆಗೆ ಇನ್ನೊಂದು ಮಾತ್ರೆ ಸೇರಿಸಬೇಕೆ?

ಉತ್ತರ: ಅವಸರಪಡಬೇಡಿ. ಶೇ 7.6 ಎಂದರೆ ಸರಾಸರಿ ಸಕ್ಕರೆ ಸುಮಾರು 171 ಇರಬೇಕು. ನಿಮ್ಮ ಮೀಟರಿನ ಅಂಕಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತಲೇ ಇರುತ್ತದೆ. ಹೀಗೆ ಅಂಟಿದ ಪ್ರಮಾಣವನ್ನೇ ಎಚ್‌ಬಿಎ1ಸಿ ಅಳೆಯುತ್ತದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗಿ ಕಬ್ಬಿಣಾಂಶ ಸಾಲದಾದಾಗ ಹೊಸ ಕಣಗಳ ಉತ್ಪಾದನೆ ಕುಗ್ಗಿ ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುವುದರಿಂದ, ಸಕ್ಕರೆ ಏರದಿದ್ದರೂ ಈ ಅಂಕಿ ಏರಬಹುದು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಈ ಒಂದು ಅಂಕಿಯನ್ನೇ ನಂಬಿ ಔಷಧಿ ಹೆಚ್ಚಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಸಂಭವವಿದೆ. ಅಂದಹಾಗೆ, ರಕ್ತಹೀನತೆಯಲ್ಲಿ ಹಲವು ಗ್ಲುಕೋಮೀಟರುಗಳು ಇರುವುದಕ್ಕಿಂತ ಸ್ವಲ್ಪ ಹೆಚ್ಚನ್ನೇ ತೋರಿಸುತ್ತವೆ. ಆದ್ದರಿಂದ ಪ್ರಯೋಗಾಲಯದಲ್ಲಿ ಒಮ್ಮೆ ಬರಿಹೊಟ್ಟೆಯ ಮತ್ತು ಊಟದ ನಂತರದ ಸಕ್ಕರೆಯನ್ನು ತಾಳೆ ನೋಡಿ. ಸದ್ಯಕ್ಕೆ ಎಚ್‌ಬಿಎ1ಸಿ ಬದಲು ಕಳೆದ ಎರಡು ಮೂರು ವಾರಗಳ ಸ್ಥಿತಿಯನ್ನು ತೋರುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಬಹುದು.

ಆದರೆ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಕಾರಣವೆಂದು ಮೊದಲು ಖಚಿತವಾಗಬೇಕು. ದೇಹದ ಕಬ್ಬಿಣದ ದಾಸ್ತಾನನ್ನು ತೋರುವ ಫೆರಿಟಿನ್ ಮತ್ತು ರಕ್ತದಲ್ಲಿ ಸಾಗುವ ಕಬ್ಬಿಣವನ್ನು ತೋರುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎರಡನ್ನೂ ಮಾಡಿಸಿ, ಏಕೆಂದರೆ ದೇಹದಲ್ಲಿ ಉರಿಯೂತವಿದ್ದರೆ ಫೆರಿಟಿನ್ ಹುಸಿಯಾಗಿ ಸರಿಯಿರುವಂತೆ ಕಾಣುತ್ತದೆ. ಮೂತ್ರಪಿಂಡದ ಪರೀಕ್ಷೆಯೂ ಬೇಕು; ಮಧುಮೇಹದಿಂದ ಮೂತ್ರಪಿಂಡ ಸೊರಗಿದರೆ ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನು ಕಡಿಮೆಯಾಗುತ್ತದೆ. ಸ್ರಾವಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣಿರಿ, ಮೂಲದಲ್ಲಿ ರಕ್ತ ಹೋಗುತ್ತಿರುವಾಗ ಬರೀ ಮಾತ್ರೆ ನುಂಗಿ ಪ್ರಯೋಜನವಿಲ್ಲ.

ಪ್ರಶ್ನೆ: ಮೆಟ್‌ಫಾರ್ಮಿನ್‌ನಿಂದಲೇ ರಕ್ತ ಕಡಿಮೆಯಾಗಿರಬಹುದೇ? ಕಬ್ಬಿಣದ ಮಾತ್ರೆ ಮಧುಮೇಹಕ್ಕೆ ಕೆಟ್ಟದ್ದೆಂದು ಕೇಳಿದ್ದೇನೆ.

ಉತ್ತರ: ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಿ ರಕ್ತಹೀನತೆ ಬರಬಹುದು, ಬಿ12 ಮಟ್ಟವನ್ನೂ ಪರೀಕ್ಷಿಸಿ. ಎರಡು ಕೊರತೆಗಳು ಒಟ್ಟಿಗಿದ್ದರೆ ಕಬ್ಬಿಣದ ಕೊರತೆ ಕಣವನ್ನು ಚಿಕ್ಕದಾಗಿಸಿ ಬಿ12 ಕೊರತೆ ದೊಡ್ಡದಾಗಿಸುವುದರಿಂದ, ಕಣದ ಸರಾಸರಿ ಗಾತ್ರ ಸಹಜವೆಂದೇ ವರದಿಯಾಗುವುದುಂಟು. ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾದವರಲ್ಲಿ ಮಧುಮೇಹದ ಸಂಭವ ಹೆಚ್ಚೆಂಬುದು ನಿಜ. ಹಾಗಾಗಿಯೇ ಕೊರತೆ ಇಲ್ಲದವರು ಟಾನಿಕ್ ಎಂದು ಅದನ್ನು ಸೇವಿಸಬಾರದು. ಕೊರತೆ ಸಾಬೀತಾದರೆ ಮಾತ್ರ ಮಾತ್ರೆಗೆ ಹೆದರಬೇಕಿಲ್ಲ. ಅದನ್ನು ಚಹಾ, ಕಾಫಿಯೊಂದಿಗೆ ನುಂಗಬೇಡಿ.

ಚಿಕಿತ್ಸೆ ಆರಂಭವಾದ ಮೇಲೆ ಎಳೆಯ ಕಣಗಳು ಒಮ್ಮೆಗೇ ರಕ್ತಕ್ಕೆ ಸೇರುವುದರಿಂದ ಎಚ್‌ಬಿಎ1ಸಿ ತಾನಾಗಿಯೇ ಇಳಿಯಬಹುದು. ಆ ಇಳಿಕೆ ಕಂಡು ಮಧುಮೇಹ ಗುಣವಾಯಿತೆಂದು ಮೆಟ್‌ಫಾರ್ಮಿನ್ ಬಿಡಬೇಡಿ. ಹಿಮೋಗ್ಲೋಬಿನ್ ಸಹಜಕ್ಕೆ ಬಂದು ಮೂರು ತಿಂಗಳು ಸ್ಥಿರವಾಗಿ ನಿಂತ ಮೇಲೆ ಮಾಡಿಸುವ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯೋಣ.