ಪದಚರ್ಚೆ: ‘ಕೈಬಿಟ್ಟ’ ಪಾತ್ರವೋ, ‘ಬೀಳುಬಿಟ್ಟ’ ಪಾತ್ರವೋ?

ಎಲ್ಲರಿಗೂ ನಮಸ್ಕಾರ.

ಹಳೆಯ ವಿಡಿಯೊ ಗೇಮ್ ಸರಣಿಗಳಲ್ಲಿ ಜನ ಮನಸಾರೆ ಹಚ್ಚಿಕೊಂಡಿದ್ದ ಪಾತ್ರಗಳನ್ನು ಅವುಗಳ ಒಡೆಯ ಕಂಪನಿಗಳು ಹೇಗೆ ನಡೆಸಿಕೊಂಡಿವೆ ಎಂಬುದರ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಸಂಗತಿಗಳಿಗೆ ಬರವಿಲ್ಲ, ಪದಗಳ ಹತ್ತಿರ ಬಂದಾಗ ಮಾತ್ರ ಬರವಣಿಗೆ ನಿಲ್ಲುತ್ತದೆ. ಮುಖ್ಯ ಪ್ರಶ್ನೆ ಇದು: ಕಂಪನಿ ತನ್ನ ಪಾತ್ರವನ್ನು ತಾನೂ ಬಳಸುವುದಿಲ್ಲ, ಬೇರೆಯವರಿಗೂ ಬಿಟ್ಟುಕೊಡುವುದಿಲ್ಲ. ಹೀಗೆ ವರ್ಷಗಟ್ಟಲೆ ಸುಮ್ಮನೆ ಇರಿಸಿಕೊಂಡ ಪಾತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕು?

‘ಕಂಪನಿ ಕೈಬಿಟ್ಟ ಪಾತ್ರ’ ಎನ್ನುವುದು ತಟ್ಟನೆ ಬಾಯಿಗೆ ಬರುವ ಮಾತು. ಕೇಳಲು ಸರಾಗ, ಅರ್ಥದಲ್ಲಿ ತಪ್ಪು. ಕೈಬಿಟ್ಟಿದ್ದರೆ ಇನ್ನೊಬ್ಬರು ಎತ್ತಿಕೊಳ್ಳಬಹುದಿತ್ತಲ್ಲ! ಕಂಪನಿಯ ಹೆಸರಿನಲ್ಲಿರುವ ಕೃತಿಗೆ ಅಮೆರಿಕದಲ್ಲಿ ಕಾಪಿರೈಟ್ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷ. ಹೊಸ ಆಟ ಮಾಡಲಿ, ಬಿಡಲಿ, ಹಕ್ಕು ಅಲುಗಾಡುವುದಿಲ್ಲ. ಟ್ರೇಡ್‌ಮಾರ್ಕಿನ ಲೆಕ್ಕ ಬೇರೆ. ಸತತ 3 ವರ್ಷ ಬಳಸದಿದ್ದರೆ ಒಡೆಯ ಅದನ್ನು ತೊರೆದಿದ್ದಾನೆ ಎಂದು ಅಲ್ಲಿನ ಕಾನೂನು ಮೇಲ್ನೋಟಕ್ಕೆ ಭಾವಿಸುತ್ತದೆ. ‘ಕೈಬಿಟ್ಟ’ ಎಂಬ ಪದ ನಿಜವಾಗಿ ಸಲ್ಲುವುದು ಆ ಜಾಗಕ್ಕೆ. ಅಭಿಮಾನಿಯ ಬೇಸರಕ್ಕೆಲ್ಲ ಅದನ್ನೇ ಖರ್ಚು ಮಾಡಿದರೆ, ಬೇಕಾದಾಗ ಏನು ಬರೆಯುವುದು?

‘ಮೂಲೆಗುಂಪು’ ಒಳ್ಳೆಯ ಪದ, ಸಿಟ್ಟೂ ಇದೆ. ಆದರೆ ಮೂಲೆಗುಂಪಾದವರು ಕಣ್ಣಿಗೆ ಬೀಳುವುದಿಲ್ಲ. ಈ ಪಾತ್ರಗಳಲ್ಲಿ ಎಷ್ಟೋ ಕಣ್ಣ ಮುಂದೆಯೇ ಇವೆ. ಕ್ಯಾಪ್ಟನ್ ಫಾಲ್ಕನ್‌ನನ್ನೇ ನೋಡಿ. 1990ರ ನಿಂಟೆಂಡೊ ಆಟ ‘ಎಫ್-ಜೀರೊ’ದಲ್ಲಿ ಅವನೊಬ್ಬ ರೇಸ್ ಚಾಲಕ. 2004ರ ಆಟದ ಬಳಿಕ ಆ ಸರಣಿ ತಣ್ಣಗಾಯಿತು. 2023ರಲ್ಲಿ ‘ಎಫ್-ಜೀರೊ 99’ ಬರುವವರೆಗೆ ಹೊಸತೇನೂ ಇಲ್ಲ. ಇತ್ತ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎಂಬ ಹೊಡೆದಾಟದ ಸರಣಿಯಲ್ಲಿ 1999ರಿಂದಲೂ ಅವನಿಗೆ ಕಾಯಂ ಸ್ಥಾನ. ಅವನ ಪ್ರಸಿದ್ಧ ಬೆಂಕಿಗುದ್ದು ‘ಫಾಲ್ಕನ್ ಪಂಚ್’ ಹುಟ್ಟಿದ್ದೂ ಅಲ್ಲೇ. 1990ರ ಆಟದಲ್ಲಿ ಅವನು ಗಾಡಿಯಿಂದ ಇಳಿದು ಯಾರಿಗೂ ಗುದ್ದುವುದಿಲ್ಲ. ಗುದ್ದಿನಿಂದಲೇ ಅವನನ್ನು ಬಲ್ಲ ಆಟಗಾರರಲ್ಲಿ ಎಷ್ಟೋ ಮಂದಿ ಅವನ ಗಾಡಿಯನ್ನೇ ಓಡಿಸಿಲ್ಲ.

ಸಿನಿಮಾದಿಂದ ‘ಅತಿಥಿ ಪಾತ್ರ’ವನ್ನು ತರಬಹುದೆನ್ನಿ. ಅತಿಥಿ ಎಂದರೆ ತನಗೊಂದು ಮನೆ ಇದ್ದು ಇನ್ನೊಬ್ಬರ ಮನೆಗೆ ಬಂದವನು. ಫಾಲ್ಕನ್‌ನ ಎರಡೂ ಮನೆ ನಿಂಟೆಂಡೊದ್ದೇ, ಅದರಲ್ಲಿ ಸ್ವಂತದ್ದಕ್ಕೆ ಬೀಗ. ಹಾಗಾಗಿ ಇಂಥವರಿಗೆ ‘ಉತ್ಸವಮೂರ್ತಿ’ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ. ಮೆರವಣಿಗೆಗೆ ಹೊರಗೆ ಬರುವವ ಎಂಬ ಮೂಲಾರ್ಥವೂ, ಹೆಸರಿಗಷ್ಟೇ ಮುಂದೆ ನಿಂತವ ಎಂದು ಪತ್ರಿಕೆಗಳು ಬಳಸುವ ವ್ಯಂಗ್ಯಾರ್ಥವೂ ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಆದರೂ ಅದು ಪಾತ್ರ ಹೊರಗೆ ಬಂದಾಗಿನ ಮಾತು. ಬಾರದೆ ಇರುವ ಅಷ್ಟೂ ವರ್ಷಗಳಿಗೆ ಪದ ಸಿಕ್ಕಂತಾಗಲಿಲ್ಲ.

‘ನೆನೆಗುದಿಗೆ ಬಿದ್ದ’ ಎಂಬುದನ್ನೂ ತೂಗಿ ನೋಡಿದೆ. ಅದು ಕೆಲಸಕ್ಕೆ ಸಲ್ಲುತ್ತದೆ, ಪಾತ್ರಕ್ಕೆ ಸಲ್ಲದು. ಕ್ಯಾಪ್ಕಾಮ್ ಕಂಪನಿ ‘ಮೆಗಾ ಮ್ಯಾನ್ ಲೆಜೆಂಡ್ಸ್ 3’ ಆಟವನ್ನು ಘೋಷಿಸಿ, ಅಭಿಮಾನಿಗಳಿಂದ ಸಲಹೆ ಕೇಳಿ, 2011ರಲ್ಲಿ ರದ್ದು ಮಾಡಿತು. ರದ್ದಾಗುವವರೆಗೆ ಯೋಜನೆ ನೆನೆಗುದಿಗೆ ಬಿದ್ದಿತ್ತು ಎನ್ನಲು ಅಡ್ಡಿಯಿಲ್ಲ. ಆಮೇಲೆ? ಅದೇ ಸರಣಿಯ ಎರಡನೆಯ ಆಟ ಮುಗಿಯುವಾಗ ನಾಯಕ ಭೂಮಿಗೆ ಮರಳಲಾಗದೆ ಎಲೀಸಿಯಮ್ ಎಂಬ ಬಾಹ್ಯಾಕಾಶ ನೆಲೆಯಲ್ಲೇ ಉಳಿದುಬಿಡುತ್ತಾನೆ. ಅವನ ಕಥೆ ಇವತ್ತಿಗೂ ಅಲ್ಲಿಗೇ ನಿಂತಿದೆ. 2018ರಲ್ಲಿ ‘ಮೆಗಾ ಮ್ಯಾನ್ 11’ ಬಂತು, ನಿಜ. ಅದು ಮೂಲ ಸರಣಿಯ ಬೇರೆಯೇ ಮೆಗಾ ಮ್ಯಾನ್.

ಇನ್ನು ‘ಮಲತಾಯಿ ಧೋರಣೆ’. ಈ ವಿಷಯಕ್ಕೆ ಇದು ಹೇಳಿ ಮಾಡಿಸಿದಂತಿದೆ ಎಂದು ಯಾರಿಗಾದರೂ ಅನ್ನಿಸೀತು, ಏಕೆಂದರೆ ಪಾತ್ರಗಳು ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟವಾಗುತ್ತಲೇ ಇರುತ್ತವೆ. ಸಂಗತಿಗಳನ್ನು ಎದುರಿಗಿಟ್ಟರೆ ಮಾತು ತಲೆಕೆಳಗಾಗುತ್ತದೆ. ನಾಟಿ ಡಾಗ್ ಸಂಸ್ಥೆ 1996ರಲ್ಲಿ ಹುಟ್ಟಿಸಿದ ಕ್ರ್ಯಾಶ್ ಬ್ಯಾಂಡಿಕೂಟ್ ಎಂಬ ಪಾತ್ರ ಕೈಯಿಂದ ಕೈಗೆ ದಾಟಿ ಆಕ್ಟಿವಿಷನ್ ಪಾಲಾಯಿತು. 2017ರಲ್ಲಿ ಅದರ ಮೊದಲ ಮೂರೂ ಆಟಗಳನ್ನು ಹೊಸದಾಗಿ ಕಟ್ಟಿ ತಂದದ್ದು ಈ ಮಲತಾಯಿಯೇ. ಮರುವರ್ಷ ಸ್ಪೈರೊ ಡ್ರ್ಯಾಗನ್‌ಗೂ ಅದೇ ಭಾಗ್ಯ. ಫಾಲ್ಕನ್‌ನನ್ನು ಕೂರಿಸಿದ್ದು ಹೆತ್ತತಾಯಿ. ಪದವನ್ನು ಸಾರಾಸಗಟಾಗಿ ಬಳಸುವಂತಿಲ್ಲ. ಕರಡಿ ಬ್ಯಾಂಜೊ, ಹಕ್ಕಿ ಕಜೂಯಿ ಜೋಡಿಗೆ ಬೇಕಾದರೆ ಒಪ್ಪೀತು. ಅವನ್ನು ಹುಟ್ಟಿಸಿದ ರೇರ್ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2002ರಲ್ಲಿ ಕೊಂಡಿತು. 2008ರಲ್ಲಿ ಬಂದ ‘ನಟ್ಸ್ ಅಂಡ್ ಬೋಲ್ಟ್ಸ್’ ಆರಂಭದಲ್ಲಿ ಕರಡಿಯೂ ಹಕ್ಕಿಯೂ ಕೆಲಸವಿಲ್ಲದೆ ಕೂತು ಬೊಜ್ಜು ಬೆಳೆಸಿಕೊಂಡಿರುತ್ತವೆ. ಕಂಪನಿ ತನ್ನ ಉದಾಸೀನವನ್ನು ತಾನೇ ತಮಾಷೆ ಮಾಡಿಕೊಂಡ ಪರಿ ಅದು. ಆ ಬಳಿಕ ಅವಕ್ಕೆ ತಮ್ಮದೇ ಹೊಸ ಆಟ ಬಂದಿಲ್ಲ. 2019ರಲ್ಲಿ ಕಾಣಿಸಿಕೊಂಡದ್ದು ಮತ್ತದೇ ‘ಸ್ಮ್ಯಾಶ್’ನಲ್ಲಿ.

ಇಲ್ಲೊಂದು ಅಡ್ಡಮಾತು. ‘ಬ್ಯಾಂಜೊ ಬಂತು’ ಎಂದು ನಾನು ಬರೆದರೆ ಕರಡು ನೋಡಿದ ಗೆಳೆಯರು ‘ಬಂದ’ ಎಂದು ತಿದ್ದುತ್ತಾರೆ. ಪಾತ್ರವನ್ನು ಆಸ್ತಿ ಎಂದು ನೋಡುವವನಿಗೆ ‘ಅದು’, ಆಡಿ ಬೆಳೆದವನಿಗೆ ‘ಅವನು’. ಮೇಲೆ ನಾನು ಎರಡನ್ನೂ ಬೆರೆಸಿದ್ದೇನೆ, ಬೆರೆತೇ ಇರಲಿ.

ಹೊಸದಾಗಿ ತರುವ ಬಗೆಗಳಿಗೆ ಬರೋಣ. ‘ರೀಮೇಕ್’ ನಮಗೆ ಹಳೆಯ ಪದ, ಅದೇ ತೊಂದರೆ. ಕನ್ನಡ ಓದುಗನಿಗೆ ಅದು ಬೇರೆ ಭಾಷೆಯಿಂದ ತಂದ ಚಿತ್ರ, ಒಳಗೊಂದು ಕೊಂಕೂ ಇದೆ. ಗೇಮಿನಲ್ಲಿ ಅದು ತನ್ನದೇ ಹಳೆಯ ಆಟವನ್ನು ಬುಡದಿಂದ ಮತ್ತೆ ಕಟ್ಟುವುದು. ‘ಮರುಕಟ್ಟು’ ಸಾಕು, ಇದನ್ನು ಚರ್ಚಿಸಬೇಕಿಲ್ಲ. ‘ರೀಮಾಸ್ಟರ್’ ಎಂದರೆ ಹಳೆಯದನ್ನೇ ಉಜ್ಜಿ ಹೊಳಪು ಕೊಡುವುದು. ಇದಕ್ಕೆ ‘ಜೀರ್ಣೋದ್ಧಾರ’ ಎನ್ನೋಣ ಎಂಬುದು ನನ್ನ ಸೂಚನೆ. ಅದರಲ್ಲಿ ಒಳ್ಳೆಯದೂ ಇದೆ, ಉದ್ಧಾರದ ಹೆಸರಿನಲ್ಲಿ ಕೆಡಿಸುವ ಸಾಧ್ಯತೆಯೂ ಇದೆ. 2021ರಲ್ಲಿ ‘ಜಿಟಿಎ’ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ ಮೂರು ಹಳೆಯ ಆಟಗಳಿಗೆ ಇದನ್ನು ಮಾಡಿದಾಗ ಪರಿಚಿತ ಮುಖಗಳೆಲ್ಲ ಮೇಣದ ಬೊಂಬೆಗಳಂತಾದವು. ಅವುಗಳಲ್ಲೊಂದಾದ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ‘ಟಫ್ ನಟ್’ ಎಂಬ ಡೋನಟ್ ಅಂಗಡಿಯ ಮೇಲೆ ಆರು ಮೂಲೆಯ ನಟ್ಟೊಂದು ಇತ್ತು, ಹೆಸರಿನ ಮೇಲಿನ ತಮಾಷೆ. ಮೂಲೆಗಳನ್ನು ನುಣುಪಾಗಿಸಿದ ರಭಸಕ್ಕೆ ನಟ್ಟು ಬರೀ ದುಂಡು ಬಳೆಯಾಯಿತು, ತಮಾಷೆ ಮಾಯ. ಒಡೆಯ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಬೇಕಾಯಿತು.

ಕಂಪನಿಗಳ ಪ್ರಚಾರದ ಮಾತನ್ನು ನಂಬಿ ಪದ ಆರಿಸಬೇಡಿ. ಕ್ರ್ಯಾಶ್‌ನ 2017ರ ಆಟಗಳನ್ನು ಮಾರಿದ್ದು ‘ರೀಮಾಸ್ಟರ್’ ಎಂದು, ಮಾಡಿದ್ದು ಮರುಕಟ್ಟುವ ಕೆಲಸ. ಅದು ಆಡುವವರ ಬೆರಳಿಗೆ ಗೊತ್ತಾಯಿತು. ಪಾತ್ರದ ಸುತ್ತ ಇರುವ, ನೆಲ ತಾಗಿತೋ ಇಲ್ಲವೋ ಎಂದು ಅಳೆಯುವ ಅದೃಶ್ಯ ಆಕಾರದ ಬುಡ ಹೊಸ ಆಟದಲ್ಲಿ ಮಾತ್ರೆಯಂತೆ ದುಂಡಗಾಗಿತ್ತು. ಹಳೆಯ ಆಟದಲ್ಲಿ ಅಂಚಿಗೆ ಕಾಲಿಟ್ಟು ನಿಲ್ಲಬಹುದಾಗಿದ್ದ ಕಡೆ ಇಲ್ಲಿ ಕ್ರ್ಯಾಶ್ ಜಾರಿ ಬೀಳುತ್ತಿದ್ದ. ಮುಖ ಅದೇ, ಮೈ ಬೇರೆ.

‘ರೀಬೂಟ್’ ಕಷ್ಟದ್ದು. ‘ಮರುಚಾಲನೆ’ ಎಂದರೆ ನಿಂತಲ್ಲಿಂದ ಮುಂದುವರಿಸುವುದು. ರೀಬೂಟಿನಲ್ಲಿ ಹಿಂದಿನ ಕಥೆಯೇ ಲೆಕ್ಕಕ್ಕಿಲ್ಲ. ‘ಹೊಸ ಅವತಾರ’ ಎನ್ನೋಣವೆಂದರೆ ಒಂದು ಅವತಾರ ಇನ್ನೊಂದನ್ನು ಅಳಿಸುವುದಿಲ್ಲ, ಮೇಲಾಗಿ ಗೇಮಿನಲ್ಲಿ ‘ಅವತಾರ್’ ಎಂಬುದಕ್ಕೆ ಈಗಾಗಲೇ ಬೇರೆ ಅರ್ಥ ನೆಲೆಯಾಗಿದೆ. ‘ಮರುಹುಟ್ಟು’ ಹತ್ತಿರ ಬರುತ್ತದೆ. 2013ರ ‘ಟೂಂಬ್ ರೈಡರ್’ ಒಳ್ಳೆಯ ಮಾದರಿ: 21ರ ಹುಡುಗಿ ಲಾರಾ ಕ್ರಾಫ್ಟ್ ಹಡಗೊಡೆದು ದ್ವೀಪ ಸೇರುತ್ತಾಳೆ, ಬಿಲ್ಲು ಹಿಡಿಯುತ್ತಾಳೆ. 1996ರಿಂದ ಅವಳ ಗುರುತಾಗಿದ್ದ ಜೋಡಿ ಪಿಸ್ತೂಲು ಎರಡು ಕೈಗೂ ಬರುವುದು ಕೊನೆಯ ಕಾಳಗದಲ್ಲಿ. ಹಳೆಯದನ್ನು ಬಲ್ಲವರಿಗೆ ಅದೊಂದು ಗೌರವ. ಅದೇ ವರ್ಷದ ‘ಡೆವಿಲ್ ಮೇ ಕ್ರೈ’ ಮರುಹುಟ್ಟಿನಲ್ಲಿ ಇದರ ವಿರುದ್ಧ ನಡೆಯಿತು. ಬಿಳಿಗೂದಲಿನ ಡಾಂಟೆಗೆ ಕಪ್ಪು ಕೂದಲು ಕೊಟ್ಟರು. ಸಾಲದ್ದಕ್ಕೆ ಮೊದಲ ಹಂತದಲ್ಲೇ ಅವನ ತಲೆಯ ಮೇಲೆ ಬಿಳಿ ವಿಗ್ಗೊಂದು ಬಂದು ಬೀಳುತ್ತದೆ, ಕನ್ನಡಿ ನೋಡಿಕೊಂಡು ಈ ಜನ್ಮದಲ್ಲಿ ಆಗದ ಮಾತು ಎಂಬಂತೆ ಕಿತ್ತೆಸೆಯುತ್ತಾನೆ. ಕಂಪನಿ ಅಭಿಮಾನಿಗಳನ್ನು ಹೀಗೆ ಕೆಣಕುವ ಅಗತ್ಯವಿರಲಿಲ್ಲ. 2019ರ ಐದನೆಯ ಆಟದಲ್ಲಿ ಹಳೆಯ ಬಿಳಿಗೂದಲಿನ ಡಾಂಟೆಯೇ ಮರಳಿದ.

ಮೊದಲ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಪದವಿದೆ: ‘ಬೀಳು’. ಪಾಳು ಎಂದರೆ ಹಾಳಾದದ್ದು. ಬೀಳು ಎಂದರೆ ಉಳುಮೆ ಕಾಣದ್ದು. ಬೀಳು ಜಮೀನಿಗೆ ಒಡೆಯನಿದ್ದಾನೆ, ಪಹಣಿ ಅವನ ಹೆಸರಲ್ಲೇ ಇದೆ, ಮಣ್ಣಿನ ಸಾರವೂ ಹೋಗಿಲ್ಲ, ಬೆಳೆ ಮಾತ್ರ ಇಲ್ಲ. ಇನ್ನೊಬ್ಬ ನೇಗಿಲು ಹೂಡಿದರೆ ಅತಿಕ್ರಮಣ, ಅಭಿಮಾನಿಗಳು ತಾವೇ ಮಾಡಿಕೊಂಡ ಆಟಗಳಿಗೆ ಕಂಪನಿಗಳಿಂದ ನೋಟಿಸು ಬರುವಂತೆ. ಕ್ರಿಯಾಪದವೂ ಎರಡು ರೀತಿ ಒದಗುತ್ತದೆ. ‘ಬೀಳುಬಿದ್ದ ಪಾತ್ರ’ ಎಂದರೆ ಹೊಣೆ ಯಾರದೂ ಅಲ್ಲ, ‘ಬೀಳುಬಿಟ್ಟ ಪಾತ್ರ’ ಎಂದರೆ ಬಿಟ್ಟವನೊಬ್ಬ ಇದ್ದಾನೆ. ನನ್ನ ಲೇಖನಕ್ಕೆ ಬೇಕಿರುವುದು ಎರಡನೆಯದು.

ತಕರಾರುಗಳು ನನಗೂ ಕಾಣುತ್ತಿವೆ. ‘ನಿಂಟೆಂಡೊ ಬೀಳುಬಿಟ್ಟ ಸರಣಿ’ ಕಿವಿಗೆ ಸರಿಯಾಗಿದೆ, ‘ಬೀಳುಬಿಟ್ಟ ಫಾಲ್ಕನ್’ ಎಂದಾಗ ಯಾಕೋ ಕಲ್ಲು ಕಡಿದಂತಾಗುತ್ತದೆ. ಮನುಷ್ಯನಂತೆ ಕಾಣುವ ಪಾತ್ರಕ್ಕೆ ನೆಲದ ಪದ ಹೊಂದೀತೇ? ತಲೆಬರಹಕ್ಕೆ ಚಿಕ್ಕದಾಗಿ ‘ಬೀಳುಪಾತ್ರ’ ಎಂದರೆ ‘ಬೀಳುವ ಪಾತ್ರ’ ಎಂದು ಓದುವ ಅಪಾಯವಿದೆ, ಜಾರುವ ಕ್ರ್ಯಾಶ್‌ಗೆ ಅದು ಹೊಂದಬಹುದು, ಉಳಿದವರಿಗಲ್ಲ. ಬೇರೆ ಸಮಾಸ ಹೊಳೆದರೆ ಹೇಳಿ. ‘ಬೀಳುಬಿಡು’ ಎಂಬುದನ್ನು ಜಮೀನಿನ ಹೊರಗೆ, ಪ್ರತಿಭೆಗೋ ಹಾಡಿಗೋ ಕಲೆಗೋ, ಯಾರಾದರೂ ಬಳಸಿದ್ದನ್ನು ಓದಿದ್ದರೆ ಆ ವಾಕ್ಯವನ್ನೂ ದಯವಿಟ್ಟು ಕಳುಹಿಸಿ.