ಎರಡು ಪ್ರೊಸೆಸರ್‌ಗಳ ವರ್ಕ್‌ಸ್ಟೇಷನ್: 128 ಜಿಬಿ ಹಾಕಿದರೆ 112 ಮಾತ್ರ ಕಾಣುತ್ತಿದೆ (ಪರಿಹಾರವಾಗಿದೆ)

ನಾಪೋಕ್ಲು ತೋಟ:

ನಮಸ್ಕಾರ. ಹದಿನೈದು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಕಕ್ಕಡ ಮಾಸದ ಮಳೆ ಹಿಡಿದಿದೆ, ತೋಟಕ್ಕೆ ಇಳಿಯುವಂತಿಲ್ಲ. ಯಂತ್ರದ ಮುಂದೆ ಕೂರಲು ಸಮಯ ಬೇಕಾದಷ್ಟಿದೆ, ತಾಳ್ಮೆ ಮಾತ್ರ ತಳ ಕಂಡಿದೆ.

ಡ್ರೋನ್ ಚಿತ್ರಗಳನ್ನು ಜೋಡಿಸಿ ತೋಟಗಳ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜರಿದ ಮೇಲೆ, ತಮ್ಮ ಇಳಿಜಾರಿನಲ್ಲಿ ನೀರು ಯಾವ ದಾರಿ ಹಿಡಿಯುತ್ತದೆ ಎಂದು ಕೇಳುವ ಬೆಳೆಗಾರರಿದ್ದಾರೆ. ಚಿತ್ರ ಜೋಡಿಸುವ ತಂತ್ರಾಂಶವಾದ ಓಪನ್‌ಡ್ರೋನ್‌ಮ್ಯಾಪ್‌ಗೆ ಸಾವಿರ ಚಿತ್ರ ಕೊಟ್ಟರೆ ಲ್ಯಾಪ್‌ಟಾಪ್ ಮೆಮೊರಿ ಸಾಲದೆ ಅರ್ಧದಲ್ಲೇ ಕೈಚೆಲ್ಲುತ್ತದೆ. ಹಾಗಾಗಿ ಸರ್ವರ್‌ಗಳಿಂದ ಕಳಚಿದ ಹಳೆಯ ಭಾಗಗಳನ್ನು ಕೂಡಿಸಿ ಇದನ್ನು ಕಟ್ಟಿದೆ.

ಬೋರ್ಡ್: ಸಿ612 ಚಿಪ್‌ಸೆಟ್, ಪ್ರೊಸೆಸರ್ ಕೂರಲು ಎರಡು ಸಾಕೆಟ್, 16 ಮೆಮೊರಿ ಸ್ಲಾಟ್, 305 × 330 ಮಿ.ಮೀ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದು. ಪ್ರೊಸೆಸರ್: ಇಂಟೆಲ್ ಜಿಯಾನ್ ಇ5-2680 ವಿ4, ಎರಡು. ಮೆಮೊರಿ: 16 ಜಿಬಿಯ ಎಂಟು ಡಿಡಿಆರ್4 ರಿಜಿಸ್ಟರ್ಡ್ ಇಸಿಸಿ (ತಪ್ಪನ್ನು ತಾನೇ ಹಿಡಿದು ತಿದ್ದುವ) ಮಾಡ್ಯೂಲ್‌ಗಳು, ಒಂದೊಂದು ಪ್ರೊಸೆಸರ್‌ಗೆ ನಾಲ್ಕರಂತೆ. 850 ವಾಟ್ ಪವರ್ ಸಪ್ಲೈ.

ಯಂತ್ರ ಏಳುತ್ತದೆ, ಓಡುತ್ತದೆ. ಆದರೆ 128 ಜಿಬಿ ಬದಲು 112 ಎಂದು ತೋರಿಸುತ್ತದೆ. ಒಂದು ಮಾಡ್ಯೂಲ್ ಕಾಣೆ. ದಾರಿ ತೋರಿಸಿ.

ಮಡಿಕೇರಿ ಮಂಜು:

ವಿಂಡೋಸ್ ಹಾಕಿದ್ದೀರಾ? ಹೋಮ್ ಆವೃತ್ತಿ ಆಗಿದ್ದರೆ ಅದು ಒಂದೇ ಸಾಕೆಟ್ ಬಳಸುತ್ತದೆ. ಎರಡು ಸಾಕೆಟ್‌ಗೆ ಪ್ರೊ ಆವೃತ್ತಿ ಬೇಕು. ಇದು ತಿಳಿಯದೆ ಒಂದು ವಾರ ಬೋರ್ಡನ್ನು ಬೈದವಳು ನಾನು.

ನಾಪೋಕ್ಲು ತೋಟ:

ಉಬುಂಟು 22.04, ಅಕ್ಕ. ಪ್ರೊಸೆಸರ್‌ನ ವಿವರ ಹೇಳುವ ಎಲ್‌ಎಸ್‌ಸಿಪಿಯು ಆದೇಶ ಕೊಟ್ಟರೆ 2 ಸಾಕೆಟ್, 56 ಥ್ರೆಡ್ ಎಂದು ಬರುತ್ತದೆ. ಕೋರ್‌ಗೆ ಎರಡು ಥ್ರೆಡ್‌ನಂತೆ 14 ಕೋರ್‌ಗಳ ಎರಡು ಪ್ರೊಸೆಸರ್‌ಗಳಿಗೆ ಲೆಕ್ಕ ಸರಿ ಇದೆ. ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಬಯಾಸ್‌ನಲ್ಲಿಯೂ 112 ಎಂದೇ ಇದೆ.

ಮಡಿಕೇರಿ ಮಂಜು:

ಬಯಾಸ್‌ನಲ್ಲೇ ಕಾಣದಿದ್ದರೆ ಉಬುಂಟುವಿನ ತಪ್ಪಲ್ಲ. ನಾನು ಪಕ್ಕಕ್ಕೆ ಸರಿಯುತ್ತೇನೆ.

ಸೋಮವಾರಪೇಟೆ ಮೇಷ್ಟ್ರು:

ಕರೆಂಟು ನೋಡಿದಿರಾ? ನಮ್ಮ ಸಾಲಿನ ಕೊನೆಯ ಮನೆಗಳಲ್ಲಿ ಸಂಜೆ 180 ವೋಲ್ಟ್ ಬಂದರೆ ಪುಣ್ಯ. ಎರಡು ಪ್ರೊಸೆಸರ್ ಎಂದರೆ ತಲಾ 120 ವಾಟ್, ಅದಕ್ಕೇ 240 ಆಯಿತು. ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್, ಫ್ಯಾನ್‌ಗಳು, ಡಿಸ್ಕ್‌ಗಳು. 600 ವಿಎ ಯುಪಿಎಸ್ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಒಳಗಿನ ಚೀಟಿಯಲ್ಲಿ 360 ವಾಟ್ ಎಂದಿರುತ್ತದೆ. ನಿಮಗೆ ಸಾಲುವುದಿಲ್ಲ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ ಎಷ್ಟು ವರ್ಷವಾಯಿತು?

ಗೋಣಿಕೊಪ್ಪ ರಿಪೇರಿ ಮೇಜು:

ಮೇಷ್ಟ್ರೇ, ಹೇಳಿದ್ದೆಲ್ಲ ನಿಜ, ಆದರೆ ಈ ರೋಗದ ಮದ್ದಲ್ಲ. ಕರೆಂಟು ಕೈಕೊಟ್ಟರೆ ಯಂತ್ರ ಆರುತ್ತದೆ, ಇಲ್ಲವೇ ಹೊತ್ತಲ್ಲದ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ತಪ್ಪದೆ 16 ಜಿಬಿಯನ್ನೇ ಆರಿಸಿ ನುಂಗುವುದಿಲ್ಲ.

ತೋಟದವರೇ, ಯಂತ್ರದ ಭಾಗಗಳ ಪಟ್ಟಿ ಕೊಡುವ ಡಿಎಂಐಡಿಕೋಡ್ ಆದೇಶ ಓಡಿಸಿ ಯಾವ ಸ್ಲಾಟ್ ಖಾಲಿ ಎನ್ನುತ್ತದೆ ಎಂದು ತಿಳಿಸಿ. ಎರಡೂ 8 ಪಿನ್‌ನ ಪ್ರೊಸೆಸರ್ ಕೇಬಲ್‌ಗಳು ಕೂತಿವೆಯೇ? ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ಲನ್ನು ಅಲ್ಲಿ ಒತ್ತಿ ತುರುಕಿಲ್ಲ ತಾನೇ? ನೋಡಲು ಅಣ್ಣತಮ್ಮಂದಿರಂತಿದ್ದರೂ 12 ವೋಲ್ಟ್ ಮತ್ತು ಗ್ರೌಂಡ್‌ನ ಜಾಗಗಳು ಅವುಗಳಲ್ಲಿ ತಿರುವುಮುರುವು. ಹಾಗೆ ಸುಟ್ಟ ಬೋರ್ಡ್‌ಗಳು ನನ್ನ ಅಟ್ಟದ ಮೇಲಿವೆ.

ಕ್ಯಾಬಿನೆಟ್ ಯಾವುದು ಎಂದೂ ಹೇಳಿ.

ನಾಪೋಕ್ಲು ತೋಟ:

ಕಾಣೆಯಾದ ಸ್ಲಾಟ್ ಎರಡನೆಯ ಪ್ರೊಸೆಸರ್‌ನ ಜಿ1. ಇ1, ಎಫ್1, ಎಚ್1 ಚೆನ್ನಾಗಿವೆ. ಯಾವ ಪ್ರೊಸೆಸರ್‌ಗೆ ಎಷ್ಟು ಮೆಮೊರಿ ಎಂದು ಹೇಳುವ ನ್ಯೂಮಾಸಿಟಿಎಲ್ ಪ್ರಕಾರ ಮೊದಲ ನೋಡ್‌ನಲ್ಲಿ (ಅಂದರೆ ಮೊದಲ ಪ್ರೊಸೆಸರ್‌ನ ಪಾಲಿನಲ್ಲಿ) 64 ಜಿಬಿ, ಎರಡನೆಯದರಲ್ಲಿ 48. ಕೇಬಲ್‌ಗಳು ಎರಡೂ ಪ್ರೊಸೆಸರ್‌ಗೆಂದೇ ಬಂದವು, ಕ್ಲಿಪ್ ಕಚ್ಚಿ ಕೂತಿವೆ.

ಕ್ಯಾಬಿನೆಟ್ ಹಳೆಯ ಸರ್ವರ್‌ನದು. ಸದ್ಯಕ್ಕೆ ಬೋರ್ಡನ್ನು ಹೊರತೆಗೆದು ಊಟದ ಮೇಜಿನ ಮೇಲೆ ರಟ್ಟು ಹಾಸಿ ಇಟ್ಟಿದ್ದೇನೆ. ಅಲ್ಲಿಯೂ ಅದೇ 112. ಮನೆಯವರು ಒಂದು ವಾರದಿಂದ ಜಗಲಿಯಲ್ಲಿ ಊಟ ಮಾಡುತ್ತಿದ್ದಾರೆ.

ಗೋಣಿಕೊಪ್ಪ ರಿಪೇರಿ ಮೇಜು:

ಹೊರಗೆ ತೆಗೆದದ್ದು ಜಾಣತನ. ಈ ಅಳತೆಯ ಬೋರ್ಡ್‌ಗಳಲ್ಲಿ ಎಸ್‌ಎಸ್‌ಐ ಇಇಬಿ ಎಂಬ ಮಾದರಿಯೂ ಇ-ಎಟಿಎಕ್ಸ್ ಎಂಬ ಮಾದರಿಯೂ ಉದ್ದಗಲದಲ್ಲಿ ಒಂದೇ. ತಿರುಪಿನ ತೂತುಗಳ ಜಾಗ ಮಾತ್ರ ಬೇರೆ. ಬೋರ್ಡನ್ನು ಎತ್ತಿ ಹಿಡಿಯಲು ಕ್ಯಾಬಿನೆಟ್‌ನಲ್ಲಿ ಮೊದಲೇ ಇದ್ದ ಹಿತ್ತಾಳೆಯ ಗುಬಟೊಂದು (ಸ್ಟ್ಯಾಂಡ್‌ಆಫ್) ಬೋರ್ಡಿನ ಬೆನ್ನಿಗೆ, ತೂತಿಲ್ಲದ ಕಡೆ ಒತ್ತಿಕೊಂಡರೆ ಶಾರ್ಟ್ ಆಗುತ್ತದೆ. ರಟ್ಟಿನ ಮೇಲೂ ಅದೇ ಗೋಳು ಎಂದ ಮೇಲೆ ಆ ಸಂಶಯ ಹೋಯಿತು. ಮತ್ತೆ ಒಳಗೆ ಕೂರಿಸುವಾಗ ಗುಬಟುಗಳನ್ನು ಎಣಿಸಿಕೊಳ್ಳಿ.

ಇನ್ನು ಉಳಿದದ್ದು ಒಂದು ಸರಪಳಿ. ಈ ಜಿಯಾನ್‌ಗಳಲ್ಲಿ ಮೆಮೊರಿ ನಿಯಂತ್ರಕ ಬೋರ್ಡಿನಲ್ಲಿಲ್ಲ, ಪ್ರೊಸೆಸರ್‌ನ ಹೊಟ್ಟೆಯಲ್ಲೇ ಇದೆ. ಮಾಡ್ಯೂಲ್, ಸ್ಲಾಟ್, ಬೋರ್ಡಿನೊಳಗಿನ ತಂತಿ, ಸಾಕೆಟ್‌ನ ಪಿನ್, ಆ ಪಿನ್ ಮುಟ್ಟುವ ಪ್ರೊಸೆಸರ್‌ನ ಬೆನ್ನಿನ ಚುಕ್ಕೆ. ಈ ಐದರಲ್ಲಿ ಒಂದು ಕಡಿದರೂ ಬಯಾಸ್ ಆ ಚಾನೆಲ್ಲನ್ನು (ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ಆ ದಾರಿಯನ್ನು) ಕೈಬಿಟ್ಟು ಮುಂದೆ ಹೋಗುತ್ತದೆ.

ಒಂದೇ ಪ್ರೊಸೆಸರ್ ಇದ್ದವನಾದರೆ ಪಕ್ಕದ ಮನೆಯಿಂದ ಕಡ ತರಬೇಕಿತ್ತು. ನಿಮಗೆ ಎಲ್ಲವೂ ಜೋಡಿ ಇದೆ, ಕೆಟ್ಟದ್ದರ ಪಕ್ಕದಲ್ಲೇ ಅದರಂಥದೇ ಒಳ್ಳೆಯದು. ಅದಲು ಬದಲು ಮಾಡಿ, ಕಾಯಿಲೆ ಯಾರ ಹಿಂದೆ ಹೋಗುತ್ತದೆ ಎಂದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಜಿ1ರ ಮಾಡ್ಯೂಲನ್ನು ಇ1ಕ್ಕೆ, ಇ1ರದನ್ನು ಜಿ1ಕ್ಕೆ.

ನಾಪೋಕ್ಲು ತೋಟ:

ಮಾಡಿದೆ. ಈಗಲೂ ಜಿ1 ಖಾಲಿ ಎನ್ನುತ್ತದೆ. ಅಲ್ಲಿದ್ದ ಮಾಡ್ಯೂಲ್ ಇ1ರಲ್ಲಿ ಕೆಲಸ ಮಾಡುತ್ತಿದೆ.

ಮಡಿಕೇರಿ ಮಂಜು:

ಮತ್ತೆ ಬಂದೆ. ಕೂಲರ್‌ನ ತಿರುಪುಗಳನ್ನು ಒಂದು ಕಡೆ ಜಾಸ್ತಿ ಬಿಗಿದರೆ ಮೆಮೊರಿ ಚಾನೆಲ್ ಹೋಗುತ್ತದೆ ಎಂದು ಕೇಳಿದ್ದೇನೆ. ಸಡಿಲಿಸಿ ನೋಡಬಹುದಲ್ಲವೇ?

ಗೋಣಿಕೊಪ್ಪ ರಿಪೇರಿ ಮೇಜು:

ನೋಡಬಹುದು, ನಷ್ಟವಿಲ್ಲ. ಮನೆಬಳಕೆಯ ಬೋರ್ಡ್‌ಗಳಲ್ಲಿ ಹಾಗಾಗುವುದನ್ನು ಕಂಡಿದ್ದೇನೆ. ಈ 2011-3 ಸಾಕೆಟ್‌ನಲ್ಲಿ ಕೂಲರ್‌ನ ತಿರುಪುಗಳು ಸಾಕೆಟ್‌ನ ಲೋಹದ ಚೌಕಟ್ಟಿಗೇ ಕೂರುತ್ತವೆ, ಒಂದು ಹಂತಕ್ಕೆ ಹೋಗಿ ನಿಲ್ಲುತ್ತವೆ. ಆದ್ದರಿಂದ ನನಗೆ ಅಷ್ಟು ನಂಬಿಕೆ ಇಲ್ಲ. ಹೇಗೂ ಕೂಲರ್ ತೆಗೆಯಲೇಬೇಕು. ಈಗ ಪ್ರೊಸೆಸರ್‌ಗಳನ್ನು ಅದಲು ಬದಲು ಮಾಡಿ.

ವೈರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಆಮೇಲೆ ಕೈ ಹಾಕಿ. ಸಾಕೆಟ್‌ಗೆ ಎರಡು ಸನ್ನೆಗೋಲುಗಳಿವೆ. ಯಾವುದು ಮೊದಲು ಎಂಬ ಗುರುತು ಪಕ್ಕದಲ್ಲೇ ಇದೆ. ತೆರೆಯುವ ಕ್ರಮಕ್ಕೆ ವಿರುದ್ಧವಾಗಿ ಮುಚ್ಚಬೇಕು. ಪ್ರೊಸೆಸರನ್ನು ನೇರ ಮೇಲೆತ್ತಿ, ಜಾರಿಸಬೇಡಿ. ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಕಾಗದ. ಕಾಫಿ ಫಿಲ್ಟರ್ ಕಾಗದ ಒಳ್ಳೆಯದು ಎಂದು ಹೊರದೇಶದವರು ಹೇಳುತ್ತಾರೆ. ಕಾಫಿ ಬೆಳೆಯುವ ನಮ್ಮ ಜಿಲ್ಲೆಯ ಮನೆಗಳಲ್ಲಿ ಹಿತ್ತಾಳೆ ಫಿಲ್ಟರ್ ಬಿಟ್ಟು ಕಾಗದದ್ದನ್ನು ಕಂಡವರು ಕಡಿಮೆ, ಕನ್ನಡಕ ಒರೆಸುವ ಬಟ್ಟೆಯಾದರೂ ಸಾಕು. ಪ್ರೊಸೆಸರ್ ಹೊರಗೆ ತೆಗೆದುಕೊಂಡು ಒರೆಸಿ, ಸಾಕೆಟ್‌ನ ಮೇಲೆ ಬಟ್ಟೆ ಆಡಿಸಬೇಡಿ.

ನಾಪೋಕ್ಲು ತೋಟ:

ಕೂಲರ್ ಸಡಿಲಿಸಿದೆ, ಫಲವಿಲ್ಲ. ಪ್ರೊಸೆಸರ್‌ಗಳನ್ನು ಬದಲಿಸಿದೆ. ಒಂದನೆಯದು ಎರಡನೆಯ ಸಾಕೆಟ್‌ಗೆ ಹೋದರೂ ಜಿ1 ಖಾಲಿಯೇ. ಎರಡನೆಯದು ಮೊದಲ ಸಾಕೆಟ್‌ಗೆ ಬಂದರೆ ಅದರ ನಾಲ್ಕೂ ಚಾನೆಲ್‌ಗಳು ಚೆನ್ನಾಗಿವೆ. ಪ್ರೊಸೆಸರ್‌ಗಳು ನಿರಪರಾಧಿಗಳು, ಅಣ್ಣ.

ಗೋಣಿಕೊಪ್ಪ ರಿಪೇರಿ ಮೇಜು:

ಹಾಗಾದರೆ ಎರಡನೆಯ ಸಾಕೆಟ್, ಇಲ್ಲವೇ ಜಿ1 ಸ್ಲಾಟ್. ಒಂದು ಪ್ರಶ್ನೆ, ನಿಜ ಹೇಳಿ. ಬೋರ್ಡ್ ಕೊಂಡಾಗ ಎರಡೂ ಸಾಕೆಟ್‌ಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇತ್ತೇ?

ನಾಪೋಕ್ಲು ತೋಟ:

ಒಂದಕ್ಕೆ ಇತ್ತು.

ಗೋಣಿಕೊಪ್ಪ ರಿಪೇರಿ ಮೇಜು:

ಇನ್ನೊಂದಕ್ಕೆ?

ನಾಪೋಕ್ಲು ತೋಟ:

ಇರಲಿಲ್ಲ. ಅಂಗಡಿಯವರು ನನ್ನ ಎದುರಿಗೆ ಟಾರ್ಚ್ ಹಾಕಿ ಪಿನ್‌ಗಳು ಸಾಲಾಗಿ ಇರುವುದನ್ನು ತೋರಿಸಿದರು. ಧೂಳು ಕೂರಬಾರದೆಂದು ನಾನೇ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದೆ. ಮೈಸೂರಿನವರೆಗೆ ರಸ್ತೆ ಚೆನ್ನಾಗಿತ್ತು. ಆಮೇಲೆ ಜೀಪಿನ ಹಿಂದಿನ ಸೀಟಿನಲ್ಲಿ ಸ್ವಲ್ಪ ಕುಣಿಯಿತು. ಇದನ್ನು ಮೊದಲೇ ಬರೆಯಬೇಕಿತ್ತು. ಸಂಬಂಧವಿದೆ ಎಂದು ಹೊಳೆಯಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ.

ಗೋಣಿಕೊಪ್ಪ ರಿಪೇರಿ ಮೇಜು:

ಕರವಸ್ತ್ರ! ಹುಕ್ಕಿನಂತೆ ಬಾಗಿದ 2011 ಪಿನ್‌ಗಳ ಮೇಲೆ ನೂಲಿನ ಬಟ್ಟೆ.

ಆಯಿತು, ಬೈದು ಮುಗಿಯಿತು. ಕೋಣೆಯನ್ನು ಕತ್ತಲೆ ಮಾಡಿ, ಟಾರ್ಚನ್ನು ಸಾಕೆಟ್‌ನ ಮಟ್ಟಕ್ಕೆ ಇಳಿಸಿ ಅಡ್ಡಲಾಗಿ ಬೆಳಕು ಬಿಡಿ. ಸರಿಯಿರುವ ಪಿನ್‌ಗಳು ಒಂದೇ ಕೋನದಲ್ಲಿ ಮಿನುಗುತ್ತವೆ, ಗದ್ದೆಯ ನಾಟಿಯ ಸಾಲಿನಂತೆ. ಬಾಗಿದ್ದು ಮಿನುಗುವುದಿಲ್ಲ, ಇಲ್ಲವೇ ತಪ್ಪು ಹೊತ್ತಿಗೆ ಮಿನುಗುತ್ತದೆ. ನಾಲ್ಕೂ ದಿಕ್ಕಿನಿಂದ ನೋಡಿ. ಮೆಮೊರಿ ಸ್ಲಾಟ್‌ಗಳ ಕಡೆಯ ಅಂಚುಗಳಿಂದ ಶುರುಮಾಡಿ. ಭೂತಗನ್ನಡಿ ಇದೆಯೇ?

ನಾಪೋಕ್ಲು ತೋಟ:

ಕಾಫಿಯ ಕಾಯಿಕೊರಕ ಹುಳುವಿನ ತೂತು ನೋಡಲು ಇಟ್ಟ ಹತ್ತು ಪಟ್ಟಿನದು ಇದೆ.

ಸಿಕ್ಕಿತು! ಅಂಚಿನಿಂದ ಮೂರನೆಯ ಸಾಲಿನಲ್ಲಿ ಒಂದು ಪಿನ್ ಪಕ್ಕದವನ ಹೆಗಲ ಮೇಲೆ ತಲೆ ಇಟ್ಟಂತೆ ವಾಲಿದೆ. ಬುಡದಲ್ಲಿ ಒಂದು ಬಿಳಿ ನೂಲಿನ ಎಳೆ, ಕಣ್ಣಿನ ರೆಪ್ಪೆಗೂದಲಿಗಿಂತ ಸಣ್ಣದು. ಕರವಸ್ತ್ರದ್ದೇ. ಈಗ ಏನು ಮಾಡಲಿ?

ಸೋಮವಾರಪೇಟೆ ಮೇಷ್ಟ್ರು:

ಕೈ ನಡುಗುವವರು ಮಾಡುವ ಕೆಲಸವಲ್ಲ ಇದು. ಬೆಳಗಿನ ಕಾಫಿ ಕುಡಿಯುವ ಮೊದಲು ಮಾಡಿ.

ಗೋಣಿಕೊಪ್ಪ ರಿಪೇರಿ ಮೇಜು:

ಮೇಷ್ಟ್ರು ಈ ಸಲ ಸರಿಯಾದ ಮಾತು ಹೇಳಿದರು.

ಮೊದಲು ಎಳೆಯನ್ನು ಚಿಮಟದಿಂದ ತೆಗೆಯಿರಿ, ಪಿನ್ ಬಾಗಿರುವ ದಿಕ್ಕಿಗೇ ಎಳೆಯಬೇಕು, ಎದುರು ದಿಕ್ಕಿಗಲ್ಲ. ಆಮೇಲೆ ಸಣ್ಣ ಹೊಲಿಗೆ ಸೂಜಿಯೊಂದನ್ನು ಹಳೆಯ ಪೆನ್ನಿನ ತುದಿಗೆ ಸಿಕ್ಕಿಸಿಕೊಳ್ಳಿ, ಬರಿಗೈಯಲ್ಲಿ ಸೂಜಿ ತಿರುಗುತ್ತದೆ. ಮೊಣಕೈಗಳು ಮೇಜಿನ ಮೇಲಿರಲಿ. ಪಿನ್ನಿನ ತುದಿಗೆ ಕೈ ಹಾಕಬೇಡಿ, ಬಾಗಿದ ಜಾಗದ ಸ್ವಲ್ಪ ಕೆಳಗೆ ಸೂಜಿ ಒರಗಿಸಿ ಹಿಂದಕ್ಕೆ ತಳ್ಳಿ. ಕೂದಲೆಳೆಯಷ್ಟು ಸರಿದರೆ ನಿಲ್ಲಿಸಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ತಳ್ಳಿ. ಅದು ಸ್ಪ್ರಿಂಗ್, ಒಂದೆರಡು ಸಲ ಹಿಂದೆ ಮುಂದೆ ಬಾಗುತ್ತದೆ, ಆಮೇಲೆ ಮುರಿಯುತ್ತದೆ. ಮುಕ್ಕಾಲು ಸರಿಯಾದರೆ ಸಾಕು. ಪ್ರೊಸೆಸರ್‌ನ ಚುಕ್ಕೆ ಪಿನ್ನಿಗಿಂತ ಅಗಲ, ಮುಟ್ಟಿದರೆ ಆಯಿತು, ಚೆಂದ ಕಾಣಬೇಕಿಲ್ಲ.

ಮಳೆಗಾಲದ ಮಾತೊಂದು. ತಣ್ಣಗಿನ ಕೋಣೆಯಲ್ಲಿಟ್ಟ ಬೋರ್ಡನ್ನು ಒಲೆಯ ಪಕ್ಕದ ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಕರೆಂಟು ಕೊಡಬೇಡಿ. ಲೋಹದ ಮೇಲೆ ಮಂಜು ಕೂರುತ್ತದೆ. ಒಂದೆರಡು ಗಂಟೆ ಬಿಡಿ.

ನಾಪೋಕ್ಲು ತೋಟ:

ನಿನ್ನೆ ಬೆಳಿಗ್ಗೆ ಮಾಡಿದೆ. ಎಳೆ ಬಂತು. ಪಿನ್ ನಾಲ್ಕು ಸಲಕ್ಕೆ ಎದ್ದು ನಿಂತಿತು, ಐದನೆಯ ಸಲ ಕೈ ಹಾಕಲು ಮನಸ್ಸಾಗಿತ್ತು. ನಿಮ್ಮ ಮಾತು ನೆನಪಾಗಿ ಸೂಜಿ ಕೆಳಗಿಟ್ಟೆ. ಇನ್ನೂ ಸ್ವಲ್ಪ ಎಡಕ್ಕೆ ನೋಡುತ್ತಿದೆ.

ಮೊದಲ ಸಲ ಗುಂಡಿ ಒತ್ತಿದಾಗ ಪರದೆ ಎಷ್ಟು ಹೊತ್ತಾದರೂ ಬರಲಿಲ್ಲ, ಎದೆ ಒಡೆಯಿತು. ಮೆಮೊರಿಯನ್ನು ಹೊಸದಾಗಿ ಅಳೆಯುತ್ತಿತ್ತು ಎಂದು ಆಮೇಲೆ ತಿಳಿಯಿತು. ಬಯಾಸ್‌ನಲ್ಲಿ 128 ಜಿಬಿ. ಎರಡೂ ನೋಡ್‌ಗಳಲ್ಲಿ 64, 64.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ತಪ್ಪು ಸೊನ್ನೆ. ನಡುರಾತ್ರಿ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಮೇಷ್ಟ್ರೇ, ಇದು ನಿಮ್ಮ ಖಾತೆಗೆ.

ಸೋಮವಾರಪೇಟೆ ಮೇಷ್ಟ್ರು:

ನಾನು ಹೇಳಿದೆನಲ್ಲ!

ಗೋಣಿಕೊಪ್ಪ ರಿಪೇರಿ ಮೇಜು:

ಸಂತೋಷ. ಕಾಣೆಯಾಗಿದ್ದದ್ದು 16 ಜಿಬಿ ಮಾತ್ರವಲ್ಲ. 2400ರ ವೇಗದಲ್ಲಿ (ಸೆಕೆಂಡಿಗೆ 2400 ದಶಲಕ್ಷ ಸಾಗಣೆ) ಒಂದು ಚಾನೆಲ್ ಲೆಕ್ಕಕ್ಕೆ ಸೆಕೆಂಡಿಗೆ 19.2 ಜಿಬಿ ಸಾಗಿಸುತ್ತದೆ. ಎರಡನೆಯ ಪ್ರೊಸೆಸರ್ ಇಷ್ಟು ದಿನ 76.8ರ ಬದಲು 57.6ರಲ್ಲಿ ತೆವಳುತ್ತಿತ್ತು. ಇಸಿಸಿ ದಾಖಲೆಯನ್ನು ಒಂದು ತಿಂಗಳು ವಾರಕ್ಕೊಮ್ಮೆ ನೋಡಿ. ಎರಡನೆಯ ಸಾಕೆಟ್‌ನ ಜಿ1ರಲ್ಲಿ ತಿದ್ದಿದ ತಪ್ಪುಗಳ ಎಣಿಕೆ ಏರತೊಡಗಿದರೆ ಪಿನ್ ಅರೆಬರೆ ಮುಟ್ಟುತ್ತಿದೆ ಎಂದರ್ಥ. ಆಗ ಗೋಣಿಕೊಪ್ಪಕ್ಕೆ ತನ್ನಿ, ಮುಚ್ಚಳ ಒಂದು ನನ್ನಲ್ಲಿದೆ.

ನಾಪೋಕ್ಲು ತೋಟ:

ಎರಡು ವಾರದ ವರದಿ: ಎಣಿಕೆ ಸೊನ್ನೆ. ಲ್ಯಾಪ್‌ಟಾಪ್ ಕೈಚೆಲ್ಲಿದ್ದ ಅದೇ ಸಾವಿರ ಚಿತ್ರಗಳ ಕೆಲಸ ರಾತ್ರಿ ಹಚ್ಚಿದರೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮುಗಿದಿತ್ತು. ಊಟದ ಮೇಜನ್ನು ಮನೆಯವರಿಗೆ ಹಿಂತಿರುಗಿಸಿದ್ದೇನೆ. ಕ್ಯಾಬಿನೆಟ್‌ನಲ್ಲಿ ಎರಡು ಗುಬಟು ಹೆಚ್ಚಿಗೆ ಇದ್ದವು, ತೆಗೆದೆ.

ಕುಶಾಲನಗರ 96:

ಹಳೆಯ ಚರ್ಚೆ ಎಂದು ಗೊತ್ತು, ಕ್ಷಮಿಸಿ. ನನ್ನದೂ ಇದೇ ಬಗೆಯ ಬೋರ್ಡ್. 96 ಹಾಕಿದರೆ 80 ಕಾಣುತ್ತದೆ. ಸೂಜಿ, ಪೆನ್ನು, ಟಾರ್ಚ್ ಸಿದ್ಧ ಮಾಡಿಕೊಂಡಿದ್ದೇನೆ.

ಗೋಣಿಕೊಪ್ಪ ರಿಪೇರಿ ಮೇಜು:

ಸೂಜಿಯನ್ನು ಡಬ್ಬಿಗೆ ಹಾಕಿ. ಮೊದಲು ಮಾಡ್ಯೂಲ್‌ಗಳನ್ನು ಅದಲು ಬದಲು ಮಾಡಿ, ಯಾವ ಸ್ಲಾಟ್ ಎಂದು ಬರೆಯಿರಿ.