ಪುಣೆ: ತಾರಸಿಯ ಸೌರ ಘಟಕ, ಬ್ಯಾಟರಿ ಎರಡೂ ಅರ್ಧಕ್ಕೆ ನಿಂತಿವೆ, ಏನು ಮಾಡಬೇಕು?

ಧಾಯರಿ ನಿವಾಸಿ:

ಸಿಂಹಗಡ ರಸ್ತೆಯ ಕಡೆಯಿರುವ ನಮ್ಮ ಸ್ವಂತ ಮನೆಯ ತಾರಸಿಯಲ್ಲಿ 3 ಕಿಲೋವ್ಯಾಟ್ ಸೌರಫಲಕಗಳನ್ನೂ 5 ಕಿಲೋವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿಯನ್ನೂ ಹಾಕಿಸಲು ಬೇಸಿಗೆಯಲ್ಲಿಯೇ ಒಪ್ಪಂದ ಮಾಡಿಕೊಂಡಿದ್ದೆವು. ಮಳೆ ಹಿಡಿಯುವ ಮೊದಲೇ ಕಬ್ಬಿಣದ ಚೌಕಟ್ಟು ನಿಂತು ಫಲಕಗಳೂ ಮೇಲೇರಿದವು. ಆಮೇಲೆ ಕೆಲಸ ಕದಲಿಲ್ಲ. ಗುತ್ತಿಗೆದಾರರನ್ನು ಕೇಳಿದರೆ ಒಮ್ಮೆ ನೆಟ್ ಮೀಟರ್ (ನಾವು ಪಡೆದ ವಿದ್ಯುತ್ತನ್ನೂ ಹೊರಗೆ ಕಳಿಸಿದ್ದನ್ನೂ ಬೇರೆಬೇರೆಯಾಗಿ ಎಣಿಸುವ ಮೀಟರ್) ಬಂದಿಲ್ಲ ಎನ್ನುತ್ತಾರೆ, ಇನ್ನೊಮ್ಮೆ ಫಲಕ, ಬ್ಯಾಟರಿ ಎರಡನ್ನೂ ನಡೆಸುವ ಹೈಬ್ರಿಡ್ ಇನ್ವರ್ಟರಿನ ಸರಕು ಬರಬೇಕು ಎನ್ನುತ್ತಾರೆ. ಸದ್ಯಕ್ಕೆ ಹೊರಗಿನ ವಿದ್ಯುತ್ ಜಾಲದ (ಗ್ರಿಡ್) ಜೊತೆ ಮಾತ್ರ ನಡೆಯುವ ಸಾಮಾನ್ಯ ಗ್ರಿಡ್ ಇನ್ವರ್ಟರ್ ಕೂರಿಸಿ ಘಟಕವನ್ನು ಚಾಲೂ ಮಾಡೋಣ, ಬ್ಯಾಟರಿಯನ್ನು ನಿಧಾನವಾಗಿ ಸೇರಿಸೋಣ ಎಂಬುದು ಅವರ ಹೊಸ ಸಲಹೆ. ಹಣದ ಬಹುಪಾಲು ಕೊಟ್ಟಾಗಿದೆ. ವಿದ್ಯುತ್ ಸಂಪರ್ಕ ಇನ್ನೂ ತೀರಿಹೋದ ನಮ್ಮ ಮಾವನವರ ಹೆಸರಿನಲ್ಲಿಯೇ ಇದೆ. ವಿಳಂಬಕ್ಕೆ ಅದೂ ಕಾರಣವಾಗಿರಬಹುದೇ? ಅವರ ಸಲಹೆಗೆ ಒಪ್ಪಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಥರೂಡಿನ ವಿದ್ಯುತ್ ಇಂಜಿನಿಯರ್:

ಮೀಟರಿನ ವಿಳಂಬ ಬೇರೆ, ಬ್ಯಾಟರಿಯ ವಿಳಂಬ ಬೇರೆ. ಇವೆರಡನ್ನೂ ಕಲಸಿ ಉತ್ತರ ಕೊಡುವವರನ್ನು ಬಾಯಿಮಾತಿನಲ್ಲಿ ಹಿಡಿಯಲಾಗುವುದಿಲ್ಲ, ದಾಖಲೆಯನ್ನೇ ನೋಡಬೇಕು. ಮನೆಯ ತಾರಸಿ ಸೌರ ಘಟಕಕ್ಕೆ ಕೇಂದ್ರ ಸರ್ಕಾರ ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಡಿ ನೀವು ಅರ್ಜಿ ಹಾಕಿದ್ದರೆ, ರಾಷ್ಟ್ರೀಯ ಪೋರ್ಟಲಿನಲ್ಲಿ ನಿಮ್ಮದೇ ಖಾತೆಯಿಂದ ಅದು ಯಾವ ಹಂತದಲ್ಲಿದೆ ಎಂದು ತಿಳಿಯಬಹುದು. 2024ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಮನೆ ಘಟಕಗಳಿಗೆ ಪ್ರತ್ಯೇಕ ತಾಂತ್ರಿಕ ಅಧ್ಯಯನ ಬೇಕಿಲ್ಲ, ಅರ್ಜಿ ಒಪ್ಪಿತವಾದಂತೆಯೇ ಲೆಕ್ಕ. ಘಟಕವನ್ನು ಅಳವಡಿಸಿದ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಮೀಟರ್ ಹಾಕಿ ಚಾಲನೆ ಕೊಡಲು ವಿತರಣಾ ಕಂಪನಿಗೆ, ಅಂದರೆ ನಮ್ಮಲ್ಲಿ ಮಹಾವಿತರಣಕ್ಕೆ, ಇರುವ ಅವಧಿ 15 ದಿನ. ಆದರೆ ಆ ಪ್ರಮಾಣಪತ್ರ ಸಲ್ಲಿಕೆಯಾಗದ ಹೊರತು ದಿನಗಳ ಎಣಿಕೆಯೇ ಶುರುವಾಗುವುದಿಲ್ಲ. ಇನ್ವರ್ಟರ್ ಕೂರಿಸದೆ ಅದನ್ನು ಸಲ್ಲಿಸುವುದಾದರೂ ಹೇಗೆ? ಆದ್ದರಿಂದ ಮೀಟರ್ ಬಂದಿಲ್ಲ ಎಂಬ ಮಾತನ್ನು ನಾನಂತೂ ಸುಲಭವಾಗಿ ನಂಬಲಾರೆ.

ಹೆಸರಿನ ವಿಷಯವನ್ನು ಮಾತ್ರ ಮುಂದೂಡಬೇಡಿ. 3 ಕಿಲೋವ್ಯಾಟ್ ಘಟಕಕ್ಕೆ ಸಿಗುವ 78,000 ರೂಪಾಯಿ ಸಹಾಯಧನವು ಅರ್ಜಿದಾರರ ಬ್ಯಾಂಕ್ ಖಾತೆಗೆ ನೇರವಾಗಿ ಬರುವುದರಿಂದ, ಬಿಲ್ಲಿನ ಮೇಲಿನ ಹೆಸರೂ ಖಾತೆಯ ಹೆಸರೂ ಬೇರೆಯಾದರೆ ಕೊನೆಯ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮರಣ ಪ್ರಮಾಣಪತ್ರವನ್ನೂ ವಾರಸುದಾರರ ಒಪ್ಪಿಗೆಯನ್ನೂ ಸೇರಿಸಿ ಹೆಸರು ಬದಲಾವಣೆಗೆ ಈಗಲೇ ಅರ್ಜಿ ಕೊಡಿ.

ಪಿಂಪ್ರಿಯ ಹಳೆಯ ಬಳಕೆದಾರ:

ಮೇಲಿನವರ ಮಾತಿಗೆ ಎರಡು ಸಂಗತಿಗಳನ್ನು ಸೇರಿಸಬೇಕೆನಿಸುತ್ತದೆ. ಸಾಮಾನ್ಯ ಗ್ರಿಡ್ ಇನ್ವರ್ಟರಿಗೆ ಒಪ್ಪಬೇಡಿ. ಹೊರಗಿನ ವಿದ್ಯುತ್ ಹೋದ ಕ್ಷಣವೇ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಸುರಕ್ಷತೆಗಾಗಿ, ಅದು ತಾನಾಗಿಯೇ ನಿಂತುಬಿಡುತ್ತದೆ. ನೆತ್ತಿಯ ಮೇಲೆ ಎಷ್ಟೇ ಬಿಸಿಲಿದ್ದರೂ ಮನೆಯೊಳಗೆ ಫ್ಯಾನ್ ತಿರುಗುವುದಿಲ್ಲ. ಮುಂದೆ ಬ್ಯಾಟರಿ ಸೇರಿಸಬೇಕಾದರೆ ಆ ಇನ್ವರ್ಟರನ್ನೇ ಬದಲಿಸಬೇಕು, ಇಲ್ಲವೇ ಬ್ಯಾಟರಿಗೆಂದೇ ಇನ್ನೊಂದನ್ನು ಕೊಳ್ಳಬೇಕು. ಅದರ ಬದಲು ಹೈಬ್ರಿಡ್ ಇನ್ವರ್ಟರನ್ನೇ ಈಗ ಕೂರಿಸಿ, ಬ್ಯಾಟರಿ ಆಮೇಲೆ ಬರಲಿ ಎಂದು ಪಟ್ಟು ಹಿಡಿಯಿರಿ. ಅನೇಕ ಹೈಬ್ರಿಡ್ ಮಾದರಿಗಳು ಬ್ಯಾಟರಿಯಿಲ್ಲದೆಯೂ ಗ್ರಿಡ್ ಜೊತೆ ನಡೆಯುತ್ತವೆ. ನಿಮ್ಮ ಮಾದರಿಯೂ ಹಾಗೆಯೇ ಎಂಬುದನ್ನೂ, ನೀವು ಆರಿಸಿದ ಬ್ಯಾಟರಿ ಅದರ ಹೊಂದಾಣಿಕೆಯ ಪಟ್ಟಿಯಲ್ಲಿದೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಇನ್ನೊಂದು, ನೆಟ್ ಮೀಟರ್ ಬರುವ ಮೊದಲೇ ಆಸೆಗೆ ಬಿದ್ದು ಘಟಕವನ್ನು ಚಾಲೂ ಮಾಡಬೇಡಿ. ಅದಕ್ಕೆ ಅನುಮತಿಯಿಲ್ಲ ಎಂಬುದು ಒಂದು ಮಾತಾದರೆ, ಹಳೆಯ ಮೀಟರುಗಳಲ್ಲಿ ಹಲವು ನೀವು ಹೊರಗೆ ಕಳಿಸಿದ ಯೂನಿಟ್ಟನ್ನೂ ಬಳಸಿದ್ದೆಂದೇ ಎಣಿಸಿ ಬಿಲ್ಲಿಗೆ ಸೇರಿಸುತ್ತವೆ ಎಂಬುದು ಇನ್ನೊಂದು.

ಬ್ಯಾಟರಿಗೆ ಈ ಯೋಜನೆಯ ಸಹಾಯಧನವಿಲ್ಲ. ನೆಟ್ ಮೀಟರ್ ಇರುವ ಮನೆಯಲ್ಲಿ ಬ್ಯಾಟರಿಯಿಂದ ಬಿಲ್ ಹೆಚ್ಚೇನೂ ಇಳಿಯುವುದಿಲ್ಲ, ಕರೆಂಟ್ ಹೋದಾಗ ಆಸರೆಯಾಗುತ್ತದೆ, ಅಷ್ಟೇ. ಹಾಗಾಗಿ ಅದು ತಡವಾಗುತ್ತಿದೆಯೆಂದು ದಿನಕ್ಕೆ ಸರಾಸರಿ 12 ಯೂನಿಟ್ ಕೊಡಬಲ್ಲ ಫಲಕಗಳನ್ನು ಸುಮ್ಮನೆ ಬಿಸಿಲಿಗೆ ಒಣಗಿಸುವುದು ನನಗೆ ಸರಿ ಕಾಣುವುದಿಲ್ಲ.

ಮಡಗಾಂವ್‌ನಿಂದ:

ಉಳಿದ ಹಣವನ್ನು ಚಾಲನೆಯ ವರದಿ ಕೈಗೆ ಬರುವವರೆಗೆ ಕೊಡಬೇಡಿ. ಸಹಾಯಧನ ಬೇಕಾದರೆ ಫಲಕಗಳ ಒಳಗಿನ ಸೆಲ್ಲುಗಳೂ ಭಾರತದಲ್ಲಿಯೇ ತಯಾರಾಗಿರಬೇಕು; ಅದರ ದಾಖಲೆಯನ್ನೂ ಕೇಳಿ ಇಟ್ಟುಕೊಳ್ಳಿ. ಮಳೆಯಲ್ಲಿ ತಾರಸಿಯ ಕೆಲಸ ಆಗದು ಎನ್ನುವುದು ನ್ಯಾಯವೇ, ಆದರೆ ಇನ್ವರ್ಟರ್ ಕೂರುವುದು ಗೋಡೆಗೆ.

ಧಾಯರಿ ನಿವಾಸಿ:

ಎಲ್ಲರಿಗೂ ಕೃತಜ್ಞತೆಗಳು. ಪೋರ್ಟಲ್ ತೆರೆದು ನೋಡಿದೆವು; ಅಳವಡಿಕೆಯ ವಿವರವೇ ಇನ್ನೂ ಸಲ್ಲಿಕೆಯಾಗಿಲ್ಲ. ಹೈಬ್ರಿಡ್ ಇನ್ವರ್ಟರನ್ನು ಯಾವ ತಾರೀಖಿನೊಳಗೆ ಕೂರಿಸುತ್ತೀರಿ ಎಂದು ಗುತ್ತಿಗೆದಾರರಿಗೆ ಇಮೇಲ್‌ನಲ್ಲಿ ಕೇಳಿದ್ದೇವೆ. ಹೆಸರು ಬದಲಾವಣೆಗೆ ಅತ್ತೆಯವರ ಮತ್ತು ನಾದಿನಿಯರ ಸಹಿ ಬೇಕಾಗಿದ್ದು, ಬೆಳಗಾವಿಯಲ್ಲಿರುವ ಒಬ್ಬರ ಒಪ್ಪಿಗೆಪತ್ರ ಬರುವುದೊಂದು ಬಾಕಿ ಇದೆ.